ಪಿಸ್ಟನ್ನಿನ ಭಾರವನ್ನು ಇಳಿಸಿದ ಮಹನೀಯ: ಸರ್ ಹ್ಯಾರಿ ರಿಕಾರ್ಡೊ

ಹಲವು ವರ್ಷಗಳ ಹಿಂದಿನ ಮಾತು. ಸಿಕಂದರಾಬಾದಿನ ಬ್ಯಾಂಕ್ ಶಾಖೆಯೊಂದರ ಸಾಲ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದಾಗ, ರಾಣಿಗಂಜ್ ಕಡೆಯ ಒಬ್ಬ ವೃದ್ಧ ಮೆಕ್ಯಾನಿಕ್ ಸಿಲಿಂಡರ್ ಬೋರ್ ಮಾಡುವ ಯಂತ್ರವನ್ನು ಕೊಳ್ಳಲು ಸಾಲ ಕೋರಿ ಅರ್ಜಿ ಸಲ್ಲಿಸಿದ್ದರು. ಕ್ರಮದಂತೆ ಅವರ ವರ್ಕ್‌ಶಾಪನ್ನು ನೋಡಿಬರಲು ಹೋದೆ. ಎಣ್ಣೆಯಿಂದ ಕಪ್ಪಾಗಿದ್ದ ಮೇಜಿನ ಮೇಲೆ ಲಾರಿಯೊಂದರಿಂದ ಬಿಚ್ಚಿದ ಆರು ಪಿಸ್ಟನ್ನುಗಳು ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಒಂದನ್ನು ನನ್ನ ಕೈಗಿತ್ತು, ಸುತ್ತಲೂ ಬೆರಳಾಡಿಸಿ ನೋಡುವಂತೆ ಆ ಹಿರಿಯರು ತಮ್ಮ ದಖನಿ ಉರ್ದುವಿನಲ್ಲಿ ಹೇಳಿದರು. ಪಿಸ್ಟನ್ನಿನ ಎದುರುಬದುರಿನ ಎರಡು ಪಕ್ಕಗಳು ಕನ್ನಡಿಯಂತೆ ಸವೆದು ಹೊಳೆಯುತ್ತಿದ್ದವು. ಉಳಿದೆರಡು ಪಕ್ಕಗಳಲ್ಲಿ ಕಾರ್ಖಾನೆಯ ಗೆರೆಗಳು ಇನ್ನೂ ಹಾಗೆಯೇ ಇದ್ದವು. ದುಂಡಗಿನ ವಸ್ತು ದುಂಡಗಿನ ರಂಧ್ರದಲ್ಲಿ ಮೇಲೆ ಕೆಳಗೆ ಆಡುವಾಗ ಎರಡೇ ಪಕ್ಕ ಸವೆಯುವುದೇಕೆ ಎಂಬ ನನ್ನ ಪ್ರಶ್ನೆಗೆ ಅವರು ನಕ್ಕು, ಹೊರೆ ಹೊರುವವನಿಗೆ ಬೆನ್ನು ಸವೆಯುತ್ತದೆ, ಹೊಟ್ಟೆಯಲ್ಲ ಎಂಬರ್ಥದ ಮಾತನ್ನಾಡಿದರು.

ಕಲಾ ವಿಭಾಗದ ಪದವೀಧರನಾದ ನನಗೆ ಆ ಉತ್ತರ ಮನಸ್ಸಿನಲ್ಲಿ ನಾಟಿತು. ಅದರ ಬೆನ್ನು ಹತ್ತಿ ಓದುತ್ತ ಹೋದಾಗ ಎದುರಾದ ಹೆಸರು ರಿಕಾರ್ಡೊ. ಅರ್ಥಶಾಸ್ತ್ರ ಓದಿದವರೆಲ್ಲರಿಗೂ ಭೂಗೇಣಿಯ ಸಿದ್ಧಾಂತದ ಡೇವಿಡ್ ರಿಕಾರ್ಡೊ ಪರಿಚಿತರೇ. ಅದೇ ಡೇವಿಡ್ ರಿಕಾರ್ಡೊ ಅವರ ಸೋದರನ ವಂಶದಲ್ಲಿ ಹುಟ್ಟಿ, ಪಿಸ್ಟನ್ನಿನ ಮೇಲೆ ಬೀಳುವ ಹೊರೆಯನ್ನು ಕುರಿತು ಜೀವಮಾನವಿಡೀ ಚಿಂತಿಸಿದವರು ಸರ್ ಹ್ಯಾರಿ ರಾಲ್ಫ್ ರಿಕಾರ್ಡೊ. ಎಂಜಿನಿಯರುಗಳ ವಲಯದಲ್ಲಿ ಪ್ರಾತಃಸ್ಮರಣೀಯರಾದ ಈ ಮಹನೀಯರ ಬದುಕನ್ನು ನಮ್ಮ ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಭಾರತದ ನಂಟಿನ ಮನೆತನ

ಹ್ಯಾರಿ ರಿಕಾರ್ಡೊ 1885ರ ಜನವರಿ 26ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಹಾಲ್ಸಿ ರಿಕಾರ್ಡೊ ಹೆಸರಾಂತ ವಾಸ್ತುಶಿಲ್ಪಿ. ಕಲ್ಕತ್ತೆಗೆ ಹೋದವರೆಲ್ಲರೂ ಕಂಡಿರುವ, ಕೆಂಪು ಇಟ್ಟಿಗೆಯ ಗೋಪುರಗಳಿಂದ ಶೋಭಿಸುವ ಹೌರಾ ರೈಲು ನಿಲ್ದಾಣದ ವಿನ್ಯಾಸ ಇವರದೇ. ತಾಯಿಯ ತಂದೆ ಸರ್ ಅಲೆಕ್ಸಾಂಡರ್ ರೆಂಡೆಲ್ ಅವರಂತೂ ಭಾರತದ ರೈಲ್ವೆಗಳಿಗೆ ಲಂಡನ್ನಿನಿಂದ ಸಲಹೆಗಾರ ಎಂಜಿನಿಯರಾಗಿದ್ದವರು. ಸಿಂಧೂ ನದಿಗೆ ಸುಕ್ಕೂರಿನಲ್ಲಿ ಕಟ್ಟಿ 1889ರಲ್ಲಿ ತೆರೆದ ಲ್ಯಾನ್ಸ್‌ಡೌನ್ ಸೇತುವೆಯ ವಿನ್ಯಾಸ ಅವರದು. ತಂದೆಯ ಕಡೆಯಿಂದ ರೂಪದ ಕಣ್ಣು, ತಾಯಿಯ ಕಡೆಯಿಂದ ಲೋಹದ ಕಣ್ಣು, ಹೀಗೆ ಎರಡೂ ಬಾಲಕ ಹ್ಯಾರಿಗೆ ಮನೆಯಲ್ಲಿಯೇ ದೊರೆತವು.

1898ರಲ್ಲಿ ತಾತ ಒಂದು ಮೋಟಾರು ಕಾರನ್ನು ಕೊಂಡರು. ಇಂಗ್ಲೆಂಡಿನ ರಸ್ತೆಗಳಲ್ಲಿ ಇನ್ನೂ ಕುದುರೆಗಾಡಿಗಳೇ ಓಡುತ್ತಿದ್ದ ಕಾಲ. ಹದಿಮೂರರ ಹುಡುಗನಿಗೆ ಆ ಕಾರು ಕೇವಲ ಸವಾರಿಯ ವಸ್ತುವಾಗಿ ಕಾಣಲಿಲ್ಲ. ಅದರ ಒಳಗೆ ಏನು ನಡೆಯುತ್ತಿದೆ ಎಂಬ ಕುತೂಹಲ ಅವನನ್ನು ಹಿಡಿದುಕೊಂಡಿತು. ರಗ್ಬಿ ಶಾಲೆಯ ವಿದ್ಯಾಭ್ಯಾಸದ ನಂತರ 1903ರಲ್ಲಿ ಅವರು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದರು.

ಕೇಂಬ್ರಿಜ್‌ನಲ್ಲಿ ಅವರ ಬದುಕಿನ ದಿಕ್ಕನ್ನು ನಿರ್ಧರಿಸಿದ್ದು ಒಂದು ಚಿಕ್ಕ ಸ್ಪರ್ಧೆ. ಒಂದು ಕ್ವಾರ್ಟ್, ಅಂದರೆ ಸುಮಾರು 1.1 ಲೀಟರ್ ಪೆಟ್ರೋಲಿನಲ್ಲಿ ಯಾರ ವಾಹನ ಅತಿ ಹೆಚ್ಚು ದೂರ ಹೋಗುವುದೋ ಅವರೇ ವಿಜಯಿ. 1904ರಲ್ಲಿ ನಡೆದ ಈ ಸ್ಪರ್ಧೆಗೆ ರಿಕಾರ್ಡೊ ತಾವೇ ತಯಾರಿಸಿದ ಎಂಜಿನ್ನನ್ನು ಅಳವಡಿಸಿದ ಮೋಟಾರ್ ಸೈಕಲ್ಲಿನಲ್ಲಿ ಬಂದು, 40 ಮೈಲಿಗಳಷ್ಟು ಓಡಿಸಿ ಗೆದ್ದರು. ಇದನ್ನು ಗಮನಿಸಿದ ಪ್ರಾಧ್ಯಾಪಕ ಬರ್ಟ್ರಾಂ ಹಾಪ್ಕಿನ್ಸನ್ ಅವರು ಈ ತರುಣನನ್ನು ಎಂಜಿನ್ನುಗಳ ಸಂಶೋಧನೆಗೆ ಎಳೆದುಕೊಂಡರು. ಎಂಜಿನ್ನನ್ನು ಬರಿಯ ಕಬ್ಬಿಣದ ಯಂತ್ರವೆಂದು ನೋಡದೆ, ಶಾಖವು ಯಾವ ದಾರಿಯಲ್ಲಿ ಹೋಗುತ್ತದೆ, ಬಲವು ಎಲ್ಲಿ ಬೀಳುತ್ತದೆ, ಎಷ್ಟು ಭಾಗ ಘರ್ಷಣೆಗೆ ಸೋರಿಹೋಗುತ್ತದೆ ಎಂದು ಲೆಕ್ಕ ಹಾಕುವ ಅಭ್ಯಾಸ ಅವರಿಗೆ ಈ ಗುರುಗಳಿಂದ ಬಂದಿತು. ಬ್ಯಾಂಕಿನವನಾದ ನನಗೆ ಇದು ಜಮಾ ಖರ್ಚಿನ ಪುಸ್ತಕದಂತೆಯೇ ತೋರುತ್ತದೆ. ಬಂದದ್ದೆಷ್ಟು, ಹೋದದ್ದೆಲ್ಲಿ ಎಂಬ ಎರಡು ಪ್ರಶ್ನೆಗಳನ್ನು ಬಿಡದೆ ಕೇಳುತ್ತಿದ್ದರೆ ಕಳ್ಳ ತಾನಾಗಿಯೇ ಸಿಕ್ಕಿಬೀಳುತ್ತಾನೆ.

ಪದವಿಯ ನಂತರ ರಿಕಾರ್ಡೊ ತಾತನ ಸಂಸ್ಥೆಯಲ್ಲಿ ಎಂಜಿನಿಯರಾಗಿ ದುಡಿದರು. 1911ರಲ್ಲಿ ಚಿತ್ರಕಲೆಯ ವಿದ್ಯಾರ್ಥಿನಿಯಾಗಿದ್ದ ಬಿಯಾಟ್ರಿಸ್ ಹೇಲ್ ಅವರನ್ನು ವಿವಾಹವಾದರು. ಹಗಲು ಸೇತುವೆಗಳ ಕೆಲಸ, ಬಿಡುವಿನಲ್ಲಿ ಎಂಜಿನ್ನುಗಳ ಧ್ಯಾನ, ಹೀಗೆ ಅವರ ದಿನಗಳು ಸಾಗಿದ್ದವು. 1915ರಲ್ಲಿ ಎಂಜಿನ್ ಪೇಟೆಂಟ್ಸ್ ಎಂಬ ತಮ್ಮದೇ ಸಂಸ್ಥೆಯನ್ನು ಸ್ಥಾಪಿಸಿದರು.

ಪಿಸ್ಟನ್ ಸವೆಯುವ ಬಗೆ

ಮುಂದಿನ ಕಥೆ ತಿಳಿಯಬೇಕಾದರೆ ಪಿಸ್ಟನ್ನಿನ ಕಷ್ಟವನ್ನು ಸ್ವಲ್ಪ ಅರಿಯಬೇಕು. ಸಿಲಿಂಡರಿನಲ್ಲಿ ಇಂಧನ ಉರಿದಾಗ ಉಂಟಾಗುವ ಒತ್ತಡ ಪಿಸ್ಟನ್ನನ್ನು ನೇರವಾಗಿ ಕೆಳಕ್ಕೆ ತಳ್ಳುತ್ತದೆ. ಆದರೆ ಆ ಬಲವನ್ನು ಕ್ರ್ಯಾಂಕಿಗೆ ಮುಟ್ಟಿಸುವ ಕನೆಕ್ಟಿಂಗ್ ರಾಡು ಓರೆಯಾಗಿ ನಿಂತಿರುತ್ತದೆ. ನೆಟ್ಟಗೆ ಬಂದ ಬಲ ಓರೆಯಾದ ಕೋಲಿಗೆ ತಗುಲಿದಾಗ, ಅದರ ಒಂದು ಪಾಲು ಪಿಸ್ಟನ್ನನ್ನು ಪಕ್ಕಕ್ಕೆ, ಸಿಲಿಂಡರಿನ ಗೋಡೆಗೆ ಒತ್ತುತ್ತದೆ. ಬಾವಿಯಿಂದ ನೀರು ಸೇದುವಾಗ ಹಗ್ಗವನ್ನು ಓರೆಯಾಗಿ ಎಳೆದರೆ ಕೊಡ ಬಾವಿಯ ಗೋಡೆಗೆ ಬಡಿಯುವುದಿಲ್ಲವೆ? ಇದೂ ಹಾಗೆಯೇ. ಎಂಜಿನ್ನಿನ ಮೇಲೆ ಹೊರೆ ಹೆಚ್ಚಿದಷ್ಟೂ ಈ ಪಕ್ಕದ ಒತ್ತಡ ಹೆಚ್ಚುತ್ತದೆ. ರಾಣಿಗಂಜಿನ ಆ ಪಿಸ್ಟನ್ನಿನ ಎರಡು ಪಕ್ಕಗಳು ಮಾತ್ರ ಹೊಳೆಯುತ್ತಿದ್ದುದರ ಗುಟ್ಟು ಇದು.

ಪಿಸ್ಟನ್ನಿನ ತಲೆಯ ಬಳಿ ಕೊರೆದ ಗಾಡಿಗಳಲ್ಲಿ ಕೂರುವ ರಿಂಗುಗಳ ಪಾಡು ಇನ್ನೂ ಕಠಿಣ. 1852ರಲ್ಲಿ ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರ್‍ಯಾಮ್ಸ್‌ಬಾಟಂ ಅವರು, ಒಂದು ಕಡೆ ಸೀಳಿದ, ತಾನಾಗಿಯೇ ಹೊರಕ್ಕೆ ಚಿಮ್ಮುವ ಲೋಹದ ಬಳೆಯನ್ನು ಉಗಿ ಎಂಜಿನ್ನಿನ ಪಿಸ್ಟನ್ನಿಗೆ ತೊಡಿಸಿ ಪೇಟೆಂಟ್ ಪಡೆದರು. ಅದಕ್ಕೆ ಮುನ್ನ ಸೆಣಬಿನ ನಾರು, ಕೊಬ್ಬು ಮೊದಲಾದವನ್ನು ತುಂಬಿ ಉಗಿಯ ಸೋರಿಕೆಯನ್ನು ತಡೆಯುತ್ತಿದ್ದರು. ನಮ್ಮ ಹೈದರಾಬಾದಿಗೆ ಮೊದಲ ರೈಲು ಬಂದದ್ದು 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ. ಆ ವೇಳೆಗೆ ಈ ಸೀಳುಬಳೆ ಉಗಿ ಎಂಜಿನ್ನುಗಳಲ್ಲಿ ನೆಲೆಯೂರಿತ್ತು.

ಪೆಟ್ರೋಲ್ ಎಂಜಿನ್ನಿನಲ್ಲಿ ಇದೇ ಬಳೆಗೆ ಮೂರು ಕೆಲಸಗಳು ಬಿದ್ದವು. ಉರಿಯುವ ಅನಿಲ ಕೆಳಕ್ಕೆ ಸೋರದಂತೆ ತಡೆಯಬೇಕು. ಕೆಳಗಿನ ಎಣ್ಣೆ ಮೇಲಕ್ಕೆ ಹೋಗಿ ಉರಿಯದಂತೆ ಒರೆಸಬೇಕು. ಪಿಸ್ಟನ್ನಿನ ಶಾಖವನ್ನು ಸಿಲಿಂಡರಿನ ಗೋಡೆಗೆ ದಾಟಿಸಬೇಕು. ಇದೆಲ್ಲವನ್ನೂ ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ ಜಾರುತ್ತಲೇ ಮಾಡಬೇಕು. ಪಿಸ್ಟನ್ ಮೇಲಿನ ತುದಿಯನ್ನು ಮುಟ್ಟಿ ಹಿಂದಿರುಗುವ ಕ್ಷಣದಲ್ಲಿ ಅದರ ವೇಗ ಸೊನ್ನೆ. ಚಲನೆ ನಿಂತಾಗ ಎಣ್ಣೆಯ ಪದರ ಹಿಂಡಿಹೋಗುತ್ತದೆ. ಉರಿಯ ಶಾಖವೂ ಒತ್ತಡವೂ ಅದೇ ಹೊತ್ತಿಗೆ ತುತ್ತತುದಿಗೇರಿರುತ್ತವೆ. ಸಿಲಿಂಡರು ಅತ್ಯಂತ ಹೆಚ್ಚಾಗಿ ಸವೆಯುವುದು ಮೇಲಿನ ರಿಂಗು ನಿಂತು ತಿರುಗುವ ಆ ಜಾಗದಲ್ಲಿಯೇ. ಹಳೆಯ ಸಿಲಿಂಡರಿನೊಳಗೆ ಬೆರಳಿಟ್ಟರೆ ಅಲ್ಲಿ ಒಂದು ಮೆಟ್ಟಿಲು ತಗುಲುತ್ತದೆ. ರಿಂಗು ಸವೆದರೆ ಎಣ್ಣೆ ಮೇಲೇರಿ ಉರಿಯುತ್ತದೆ. ಹಿಂದಿನಿಂದ ನೀಲಿ ಹೊಗೆ ಹೊರಡುತ್ತದೆ. ನಗರದ ರಸ್ತೆಯಲ್ಲಿ ಈ ಹೊಗೆ ಮೂಗು ಮುಚ್ಚಿಕೊಳ್ಳುವ ಕಿರಿಕಿರಿ. ಮೊದಲನೆಯ ಮಹಾಯುದ್ಧದ ರಣರಂಗದಲ್ಲಿ ಅದು ಸಾವಿನ ಕರೆಯಾಗಿತ್ತು.

ಹೊಗೆಯಿಂದ ಬಂದ ಆಪತ್ತು

1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ರಣಭೂಮಿಯಲ್ಲಿ ಬ್ರಿಟಿಷರ ಟ್ಯಾಂಕುಗಳು ಮೊತ್ತಮೊದಲ ಬಾರಿಗೆ ಕಾಣಿಸಿಕೊಂಡವು. ಸುಮಾರು 28 ಟನ್ ತೂಕದ ಆ ಉಕ್ಕಿನ ಪೆಟ್ಟಿಗೆಯನ್ನು ಎಳೆಯಲು ಇದ್ದುದು 105 ಅಶ್ವಶಕ್ತಿಯ ಡೈಮ್ಲರ್ ಎಂಜಿನ್. ಒಳಗೆ ಎಂಟು ಜನ ಯೋಧರು. ಆ ಎಂಜಿನ್ನಿನಲ್ಲಿ ವಾಲ್ವುಗಳ ಬದಲಿಗೆ ಒಂದರೊಳಗೊಂದು ಜಾರುವ ತೋಳುಗಳಿದ್ದವು. ನಿಶ್ಶಬ್ದವಾದ ಶ್ರೀಮಂತರ ಕಾರುಗಳಿಗೆ ಸೊಗಸಾಗಿದ್ದ ಈ ಏರ್ಪಾಡಿಗೆ ಹೇರಳವಾದ ಎಣ್ಣೆ ಬೇಕಿತ್ತು. ಟ್ಯಾಂಕು ಕಂದಕಗಳನ್ನು ಹತ್ತಿಳಿಯುವಾಗ ಎಣ್ಣೆಯೆಲ್ಲ ಒಂದು ಕಡೆಗೆ ಹರಿದು ನಿಲ್ಲುತ್ತಿತ್ತು. ನಿಂತಲ್ಲಿ ಕೊಂಚ ಹೊತ್ತು ಎಂಜಿನ್ ಮೆಲ್ಲಗೆ ತಿರುಗುತ್ತಿದ್ದು, ಮತ್ತೆ ಜೋರು ಮಾಡಿದೊಡನೆ ದಟ್ಟವಾದ ನೀಲಿ ಹೊಗೆ ಮೇಲೇಳುತ್ತಿತ್ತು. ಮರೆಯಲ್ಲಿ ಅಡಗಿ ಕುಳಿತ ಟ್ಯಾಂಕಿನ ನೆಲೆಯನ್ನು ವೈರಿಯ ಫಿರಂಗಿಗೆ ಆ ಹೊಗೆಯೇ ತೋರಿಸಿಕೊಡುತ್ತಿತ್ತು. ಒಳಗಿದ್ದ ಎಂಟು ಜೀವಗಳ ಪಾಲಿಗೆ ಎಣ್ಣೆ ಉರಿಯುವುದೆಂದರೆ ಖರ್ಚಿನ ಪ್ರಶ್ನೆಯಾಗಿರಲಿಲ್ಲ.

ಹೊಸ ಎಂಜಿನ್ನಿನ ವಿನ್ಯಾಸದ ಹೊಣೆ 31ರ ಹರೆಯದ ರಿಕಾರ್ಡೊ ಅವರಿಗೆ ಬಂದಿತು. ಶರತ್ತುಗಳು ಕಠಿಣವಾಗಿದ್ದವು. 150 ಅಶ್ವಶಕ್ತಿ ಬೇಕು, ಹೊಗೆ ಬರಕೂಡದು, ಅಲ್ಯೂಮಿನಿಯಮ್ ಮತ್ತು ಉತ್ತಮ ದರ್ಜೆಯ ಉಕ್ಕು ವಿಮಾನಗಳಿಗೆ ಮೀಸಲಾಗಿದ್ದುದರಿಂದ ಅವನ್ನು ಮುಟ್ಟುವಂತಿಲ್ಲ. ಸಾಧಾರಣ ಕಬ್ಬಿಣದಲ್ಲಿಯೇ, ಸಾಧಾರಣ ಕಾರ್ಖಾನೆಗಳಲ್ಲಿಯೇ ಅದು ತಯಾರಾಗಬೇಕು.

ಅಂದಿನ ರೂಢಿಯಂತೆ ಯೋಚಿಸುವವರು ಇನ್ನಷ್ಟು ಗಟ್ಟಿಯಾದ ರಿಂಗನ್ನು, ಇನ್ನಷ್ಟು ಬಿಗಿಯಾದ ಪಿಸ್ಟನ್ನನ್ನು ಹುಡುಕುತ್ತಿದ್ದರೇನೋ. ರಿಕಾರ್ಡೊ ಬೇರೆ ದಾರಿ ಹಿಡಿದರು. ಒಂದೇ ಪಿಸ್ಟನ್ನಿನ ಮೇಲೆ ಎರಡು ಕೆಲಸಗಳು ಬಿದ್ದಿರುವುದೇ ತೊಂದರೆಯ ಮೂಲ ಎಂದು ಅವರು ಕಂಡುಕೊಂಡರು. ಅನಿಲದ ಒತ್ತಡವನ್ನು ತಡೆಯುವುದು ಒಂದು ಕೆಲಸ. ಓರೆಯಾದ ರಾಡಿನಿಂದ ಬರುವ ಪಕ್ಕದ ಒತ್ತಡವನ್ನು ಹೊರುವುದು ಇನ್ನೊಂದು. ಮೊದಲನೆಯದಕ್ಕೆ ಎಣ್ಣೆ ಅತಿ ಕಡಿಮೆ ಸಾಕು. ಎರಡನೆಯದಕ್ಕೆ ಧಾರಾಳವಾಗಿ ಬೇಕು. ಇವೆರಡನ್ನೂ ಒಂದೇ ಜಾಗದಲ್ಲಿ ಕೂರಿಸಿದರೆ ಒಂದೋ ಎಣ್ಣೆ ಸಾಲದೆ ಸವೆಯುತ್ತದೆ, ಇಲ್ಲವೇ ಹೆಚ್ಚಾಗಿ ಹೊಗೆಯಾಗುತ್ತದೆ.

ಆದ್ದರಿಂದ ಅವರು ಪಿಸ್ಟನ್ನನ್ನು ಎರಡು ಅಂತಸ್ತುಗಳಾಗಿ ವಿಂಗಡಿಸಿದರು. ಮೇಲಿನ ಭಾಗದಲ್ಲಿ ರಿಂಗುಗಳು. ಅದಕ್ಕೆ ಅನಿಲವನ್ನು ತಡೆಯುವ ಕೆಲಸ ಮಾತ್ರ. ಕೆಳಗಿನ ಭಾಗ ತನ್ನದೇ ಆದ ಪ್ರತ್ಯೇಕ ಕೊಳವೆಯಲ್ಲಿ ಜಾರುತ್ತ ಪಕ್ಕದ ಒತ್ತಡವನ್ನೆಲ್ಲ ತಾನೇ ಹೊರುತ್ತದೆ. ಉಗಿ ಎಂಜಿನ್ನುಗಳಲ್ಲಿ ಬಹುಕಾಲದಿಂದ ಇದ್ದ ಕ್ರಾಸ್‌ಹೆಡ್ ಎಂಬ ಏರ್ಪಾಡನ್ನೇ ಅವರು ಪೆಟ್ರೋಲ್ ಎಂಜಿನ್ನಿಗೆ ಹೀಗೆ ಹೊಂದಿಸಿಕೊಂಡರು. ಎರಡು ಭಾಗಗಳ ನಡುವಣ ಖಾಲಿ ಜಾಗದ ಮೂಲಕ, ಕಾರ್ಬ್ಯುರೇಟರಿಗೆ ಹೋಗುವ ಗಾಳಿಯನ್ನು ಹಾಯಿಸಿದರು. ಆ ಗಾಳಿ ಪಿಸ್ಟನ್ನಿನ ತಲೆಯನ್ನು ಅಡಿಯಿಂದ ತಂಪು ಮಾಡುತ್ತಿತ್ತು. ಕ್ರ್ಯಾಂಕಿನಿಂದ ಚಿಮ್ಮಿದ ಎಣ್ಣೆ ಕೆಳಗಿನ ಕೊಳವೆಯಲ್ಲಿಯೇ ಒರೆಸಿಹೋಗಿ, ರಿಂಗುಗಳಿಗೆ ಬೇಕಾದಷ್ಟು ಮಾತ್ರ ಮೇಲೆ ತಲುಪುತ್ತಿತ್ತು.

1917ರಲ್ಲಿ ಈ ಆರು ಸಿಲಿಂಡರುಗಳ ಎಂಜಿನ್ ತಯಾರಾಯಿತು. ಕೇಳಿದ 150 ಅಶ್ವಶಕ್ತಿಯನ್ನು ಅದು ಸಲೀಸಾಗಿ ಮೀರಿತು. ಹೊಗೆಯ ಕಾಟ ತೊಲಗಿತು. ಮಾರ್ಕ್ 5 ಎಂಬ ಹೆಸರಿನ 400 ಟ್ಯಾಂಕುಗಳು ಈ ಎಂಜಿನ್ನಿನಿಂದಲೇ ಸಾಗಿ, 1918ರ ಜುಲೈ 4ರಂದು ಹಾಮೆಲ್‌ನಲ್ಲಿಯೂ ಆಗಸ್ಟ್ 8ರಂದು ಅಮಿಯೆನ್ಸ್‌ನಲ್ಲಿಯೂ ಹೋರಾಡಿದವು. ರಣರಂಗದಾಚೆ ಶಿಬಿರಗಳಲ್ಲಿ, ವರ್ಕ್‌ಶಾಪುಗಳಲ್ಲಿ, ಆಸ್ಪತ್ರೆಗಳಲ್ಲಿ ವಿದ್ಯುತ್ತು ಒದಗಿಸಲೂ ಇದೇ ಎಂಜಿನ್ನುಗಳು ನೆರವಾದವು.

ಇಲ್ಲಿ ಒಂದು ಸತ್ಯವನ್ನು ಮರೆಮಾಚಬಾರದು. ಹೊಗೆಯ ಆಪತ್ತು ಕಳೆಯಿತೇ ಹೊರತು ಯೋಧರ ಕಷ್ಟವೆಲ್ಲ ಕಳೆಯಲಿಲ್ಲ. ಮಾರ್ಕ್ 5 ಟ್ಯಾಂಕಿನಲ್ಲಿ ಗಾಳಿಯ ಸಂಚಾರ ತೀರ ಕೆಟ್ಟದಾಗಿತ್ತು. ಒಳಗಿನ ಬಿಸಿ ಮತ್ತು ವಿಷಾನಿಲದಿಂದ ಯೋಧರು ಮೂರ್ಛೆ ಹೋಗುತ್ತಿದ್ದರು. ಎಂಜಿನ್ನಿನ ಒಂದು ದೋಷವನ್ನು ಸರಿಪಡಿಸಿದ ಮಾತ್ರಕ್ಕೆ ಅದರ ಪಕ್ಕದಲ್ಲಿ ಕುಳಿತ ಮನುಷ್ಯನ ಯೋಗಕ್ಷೇಮ ಪೂರ್ಣವಾಗುವುದಿಲ್ಲ ಎಂಬ ಪಾಠವೂ ಈ ಪ್ರಸಂಗದಲ್ಲಿದೆ. ಇದೇ ಯುದ್ಧದ ಕೊನೆಯ ದಿನಗಳಲ್ಲಿ, 1918ರ ಆಗಸ್ಟಿನಲ್ಲಿ, ಗುರು ಹಾಪ್ಕಿನ್ಸನ್ ವಿಮಾನ ಅಪಘಾತದಲ್ಲಿ ಮಡಿದರು. ರಿಕಾರ್ಡೊ ಅವರಿಗೆ ಇದು ಅಪಾರವಾದ ನಷ್ಟ.

ಶೋರಮ್‌ನ ಪ್ರಯೋಗಶಾಲೆ

ಯುದ್ಧ ಮುಗಿದ ಮೇಲೆ, 1919ರಲ್ಲಿ, ದಕ್ಷಿಣ ಇಂಗ್ಲೆಂಡಿನ ಕಡಲತಡಿಯ ಊರಾದ ಶೋರಮ್‌ನಲ್ಲಿ ಅವರು ಬ್ರಿಜ್ ವರ್ಕ್ಸ್ ಎಂಬ ಪ್ರಯೋಗಶಾಲೆಯನ್ನು ಕಟ್ಟಿದರು. ಕಾರನ್ನಾಗಲಿ ಲಾರಿಯನ್ನಾಗಲಿ ಮಾರುವ ಕಾರ್ಖಾನೆ ಅದಾಗಿರಲಿಲ್ಲ. ಬೇರೆಯವರ ಎಂಜಿನ್ನುಗಳ ತೊಂದರೆಗಳನ್ನು ಶೋಧಿಸಿ ವಿನ್ಯಾಸ ಮಾಡಿಕೊಡುವುದೇ ಅಲ್ಲಿನ ಕಸುಬು.

ಮೊದಲು ಕೈಗೆತ್ತಿಕೊಂಡದ್ದು ಎಂಜಿನ್ನಿನ ಬಡಿತದ ಸಮಸ್ಯೆಯನ್ನು. ಏರಿನಲ್ಲಿ ಹೊರೆ ಎಳೆಯುವಾಗ ಎಂಜಿನ್ನಿನೊಳಗೆ ಸುತ್ತಿಗೆಯಿಂದ ಹೊಡೆದಂತೆ ಕೇಳಿಸುವ ಸದ್ದು ಅನೇಕ ಓದುಗರಿಗೆ ಪರಿಚಿತ. ಈ ಬಡಿತ ಪಿಸ್ಟನ್ನನ್ನು ಸುಡುತ್ತದೆ, ರಿಂಗುಗಳನ್ನು ಮುರಿಯುತ್ತದೆ. ರಿಕಾರ್ಡೊ ಅವರು ಓಡುತ್ತಿರುವಾಗಲೇ ಸಂಪೀಡನದ ಪ್ರಮಾಣವನ್ನು ಬದಲಿಸಬಲ್ಲ ಇ-35 ಎಂಬ ವಿಶೇಷ ಎಂಜಿನ್ನನ್ನು ನಿರ್ಮಿಸಿ, ಶೆಲ್ ಕಂಪನಿಯ ನೆರವಿನಿಂದ, ಹೆನ್ರಿ ಟಿಜಾರ್ಡ್ ಮತ್ತು ಡೇವಿಡ್ ಪೈ ಎಂಬ ವಿಜ್ಞಾನಿಗಳ ಜೊತೆಗೂಡಿ, ಬಗೆಬಗೆಯ ಇಂಧನಗಳನ್ನು ಪರೀಕ್ಷಿಸಿದರು. ಬಡಿತವು ಇಂಧನದ ಗುಣವನ್ನು ಅವಲಂಬಿಸಿದೆ ಎಂದು ಅಂಕಿಅಂಶಗಳಿಂದ ತೋರಿಸಿ, ಇಂಧನಗಳಿಗೆ ಟಾಲ್ವೀನ್ ಅಂಕ ಎಂಬ ಅಳತೆಗೋಲನ್ನು ಕೊಟ್ಟರು. ಇಂದು ಪೆಟ್ರೋಲ್ ಬಂಕುಗಳಲ್ಲಿ ನಾವು ಕಾಣುವ ಆಕ್ಟೇನ್ ಸಂಖ್ಯೆಗೆ ಅದೇ ಮುನ್ನುಡಿ.

ಪಿಸ್ಟನ್ನಿನ ವಿಷಯಕ್ಕೆ ಬಂದರೆ, ಟ್ಯಾಂಕಿನ ಎತ್ತರವಾದ ಎರಡಂತಸ್ತಿನ ಪಿಸ್ಟನ್ ವೇಗದ ಕಾರುಗಳಿಗೆ ಒಗ್ಗುವಂಥದಲ್ಲ. ವೇಗವಾಗಿ ತಿರುಗುವ ಎಂಜಿನ್ನಿನಲ್ಲಿ ಪಿಸ್ಟನ್ನಿನ ತೂಕವೇ ಒಂದು ಹೊರೆ. ಪ್ರತಿ ಸಲ ಅದನ್ನು ನಿಲ್ಲಿಸಿ ಹಿಂದಿರುಗಿಸಬೇಕಲ್ಲವೆ? ಆದ್ದರಿಂದ ಅವರು ರೂಪಿಸಿದ್ದು ಸ್ಲಿಪ್ಪರ್ ಪಿಸ್ಟನ್. ಪಕ್ಕದ ಒತ್ತಡ ಬೀಳುವ ಎರಡು ಮುಖಗಳನ್ನು ಮಾತ್ರ ಉಳಿಸಿಕೊಂಡು, ಏನೂ ಹೊರದೆ ಸುಮ್ಮನೆ ಗೋಡೆಗೆ ಉಜ್ಜುತ್ತಿದ್ದ ಉಳಿದ ಎರಡು ಪಕ್ಕಗಳ ಲೋಹವನ್ನು ಕತ್ತರಿಸಿ ತೆಗೆದರು. ತೂಕ ಇಳಿಯಿತು, ಘರ್ಷಣೆ ತಗ್ಗಿತು. ಸವೆತದ ಗುರುತು ಬೀಳುವ ಜಾಗವೇ ವಿನ್ಯಾಸಕ್ಕೆ ದಾರಿ ತೋರಿಸಿತು. 1921ರಲ್ಲಿ ಅವರ ವಿನ್ಯಾಸದಂತೆ ಬಂದ ನಾಲ್ಕು ವಾಲ್ವುಗಳ ಟ್ರಯಂಫ್ ಮೋಟಾರ್ ಸೈಕಲ್ಲು ಇಂಗ್ಲೆಂಡಿನ ತರುಣರ ಬಾಯಲ್ಲಿ ರಿಕ್ಕಿ ಎಂಬ ಮುದ್ದಿನ ಹೆಸರನ್ನೇ ಪಡೆಯಿತು.

1931ರಲ್ಲಿ ಅವರು ಡೀಸೆಲ್ ಎಂಜಿನ್ನುಗಳಿಗಾಗಿ ಕಾಮೆಟ್ ಎಂಬ ದಹನಕೋಶವನ್ನು ಬಳಕೆಗೆ ತಂದರು. ಒಳಬರುವ ಗಾಳಿಯನ್ನು ಒಂದು ಚಿಕ್ಕ ಗೋಳಾಕಾರದ ಕೋಣೆಯಲ್ಲಿ ಸುಳಿಯಂತೆ ತಿರುಗಿಸಿ, ಅಲ್ಲಿಗೆ ಡೀಸೆಲನ್ನು ಸಿಂಪಡಿಸುವ ಉಪಾಯ ಅದು. ಇಂಧನವು ಗಾಳಿಯೊಡನೆ ಚೆನ್ನಾಗಿ ಬೆರೆತು ಉರಿದುದರಿಂದ ಡೀಸೆಲ್ ಎಂಜಿನ್ ಲಂಡನ್ನಿನ ಬಸ್ಸುಗಳಿಗೆ ಯೋಗ್ಯವಾಯಿತು. ಅನೇಕ ದೇಶಗಳ ತಯಾರಕರು ಅದರ ಪರವಾನಗಿ ಪಡೆದರು.

ಅದೇ ಕಾಲದಲ್ಲಿ ನಮ್ಮ ಈ ಊರಿನಲ್ಲಿಯೂ ಬಸ್ಸುಗಳ ಯುಗ ಆರಂಭವಾಗುತ್ತಿತ್ತು. 1932ರ ಜೂನ್ ತಿಂಗಳಲ್ಲಿ ನಿಜಾಮ್ ಸರ್ಕಾರದ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ವಿಭಾಗ 27 ಬಸ್ಸುಗಳು ಮತ್ತು 166 ಸಿಬ್ಬಂದಿಯೊಡನೆ ಕಾರ್ಯಾರಂಭ ಮಾಡಿತು. ಬೀದರ, ಗುಲ್ಬರ್ಗ, ರಾಯಚೂರುಗಳು ಆಗ ಹೈದರಾಬಾದ್ ಸಂಸ್ಥಾನಕ್ಕೇ ಸೇರಿದ್ದವು. ಆ ಬಸ್ಸುಗಳು ಗ್ಲಾಸ್ಗೋ ನಗರದ ಆಲ್ಬಿಯನ್ ಕಂಪನಿಯವು. ರಿಕಾರ್ಡೊ ಅವರ ಕೈಯಿಂದ ಬಂದವಲ್ಲ. ಆದರೆ ಅವುಗಳ ಒಳಗಿನ ಪಿಸ್ಟನ್ನುಗಳು ಎದುರಿಸಿದ ಕಷ್ಟ ಅದೇ. ತುಂಬಿದ ಹೊರೆ, ದಖನ್ನಿನ ಬೇಸಗೆ, ಗಾಳಿಯೊಡನೆ ಒಳನುಗ್ಗಿ ಉಪ್ಪುಕಾಗದದಂತೆ ಉಜ್ಜುವ ಧೂಳು. ಬಿಡಿಭಾಗಗಳೆಲ್ಲ ಹಡಗಿನಲ್ಲಿ ಬರಬೇಕಾಗಿದ್ದ ಕಾಲದಲ್ಲಿ ಒಂದು ರಿಂಗು ಎಷ್ಟು ಮೈಲಿ ಬಾಳುವುದೆಂಬುದು ಸಣ್ಣ ಪ್ರಶ್ನೆಯಲ್ಲ. ಸ್ವಾತಂತ್ರ್ಯದ ನಂತರ, 1949ರಲ್ಲಿ, ಮದರಾಸಿನಲ್ಲಿ ಇಂಡಿಯಾ ಪಿಸ್ಟನ್ಸ್ ಕಾರ್ಖಾನೆ ಸ್ಥಾಪನೆಯಾಯಿತು. ಮುಂದೆ ನಮ್ಮ ಬೆಂಗಳೂರಿನ ಯಲಹಂಕವೂ ಪಿಸ್ಟನ್ ಮತ್ತು ರಿಂಗುಗಳ ತಯಾರಿಕೆಗೆ ಹೆಸರಾಯಿತು.

ಬಿಟ್ಟುದನ್ನೇ ಮತ್ತೆ ಹಿಡಿದದ್ದು

ರಿಕಾರ್ಡೊ ಅವರ ಬದುಕಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇನ್ನೊಂದಿದೆ. ಟ್ಯಾಂಕಿನಿಂದ ಯಾವ ಜಾರುತೋಳಿನ ಎಂಜಿನ್ನನ್ನು ಅವರು ಹೊರಹಾಕಿದ್ದರೋ, ಅದೇ ಜಾತಿಯ ಇನ್ನೊಂದು ರೂಪವನ್ನು ಅವರು ಮುಂದೆ ತಾವಾಗಿಯೇ ಎತ್ತಿಹಿಡಿದರು. ಎರಡು ತೋಳುಗಳ ಬದಲಿಗೆ ಒಂದೇ ತೋಳು. ಅದು ಮೇಲೆ ಕೆಳಗೆ ಆಡುವುದರ ಜೊತೆಗೆ ಎಡಕ್ಕೂ ಬಲಕ್ಕೂ ತುಸು ಹೊರಳುತ್ತದೆ. ಹೀಗಾಗಿ ಪಿಸ್ಟನ್ ಮೇಲಿನ ತುದಿಯಲ್ಲಿ ನಿಂತ ಕ್ಷಣದಲ್ಲಿಯೂ ಅದರ ಸುತ್ತಲಿನ ಗೋಡೆ ನಿಲ್ಲದೆ ಚಲಿಸುತ್ತಿರುತ್ತದೆ. ಚಲನೆ ಇದ್ದಲ್ಲಿ ಎಣ್ಣೆಯ ಪದರ ಉಳಿಯುತ್ತದೆ. ಸಾಮಾನ್ಯ ಎಂಜಿನ್ನುಗಳಲ್ಲಿ ಮೆಟ್ಟಿಲಿನಂತೆ ಸವೆಯುವ ಆ ಜಾಗ ಇಲ್ಲಿ ಬಹುಮಟ್ಟಿಗೆ ಸವೆತದಿಂದ ಪಾರಾಯಿತು. ಬ್ರಿಸ್ಟಲ್ ಕಂಪನಿಯ ರಾಯ್ ಫೆಡನ್ ಅವರು ಈ ಮಾರ್ಗದಲ್ಲಿ ಮುಂದುವರಿದು ರೂಪಿಸಿದ ಹರ್ಕ್ಯುಲಿಸ್ ವಿಮಾನ ಎಂಜಿನ್ನುಗಳು ಎರಡನೆಯ ಮಹಾಯುದ್ಧದಲ್ಲಿ ದುಡಿದವು. ಒಂದು ಕಾಲಕ್ಕೆ ದೋಷವೆಂದು ಬಿಟ್ಟುದರಲ್ಲಿಯೂ ಗುಣವಿದ್ದರೆ ಅದನ್ನು ಒಪ್ಪಿಕೊಳ್ಳುವ ದೊಡ್ಡತನ ಅವರಿಗಿತ್ತು. ಹಠಕ್ಕಿಂತ ಪರೀಕ್ಷೆಯ ಫಲವೇ ಅವರಿಗೆ ಪ್ರಮಾಣವಾಗಿತ್ತು.

ಗೌರವಗಳು ಅವರನ್ನು ಅರಸಿ ಬಂದವು. 1929ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1944ರಲ್ಲಿ ಅದೇ ಸೊಸೈಟಿಯ ರಮ್‌ಫರ್ಡ್ ಪದಕ, 1948ರಲ್ಲಿ ಸರ್ ಪದವಿ. ಬ್ರಿಟನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗೆ ಅವರು 1944ರಲ್ಲಿ ಅಧ್ಯಕ್ಷರಾದರು. 1870ರಲ್ಲಿ ಅದೇ ಪೀಠವನ್ನು ಅಲಂಕರಿಸಿದ್ದವರು ಸೀಳುಬಳೆಯ ರ್‍ಯಾಮ್ಸ್‌ಬಾಟಂ ಎಂಬುದನ್ನು ನೆನೆದರೆ ಸಂತೋಷವಾಗುತ್ತದೆ. ವೇಗದ ಎಂಜಿನ್ನುಗಳನ್ನು ಕುರಿತ ಅವರ ಗ್ರಂಥ ತಲೆಮಾರುಗಳ ವಿದ್ಯಾರ್ಥಿಗಳಿಗೆ ಪಠ್ಯವಾಯಿತು. 1968ರಲ್ಲಿ ತಮ್ಮ ಆತ್ಮಕಥೆಯನ್ನೂ ಅವರು ಪ್ರಕಟಿಸಿದರು. 1974ರ ಮೇ 18ರಂದು, ತಮ್ಮ 89ನೆಯ ವಯಸ್ಸಿನಲ್ಲಿ, ಅವರು ಇಹಲೋಕವನ್ನು ತ್ಯಜಿಸಿದರು. ಶೋರಮ್‌ನಲ್ಲಿ ಅವರು ಸ್ಥಾಪಿಸಿದ ಸಂಸ್ಥೆ ಅವರ ಹೆಸರಿನಲ್ಲಿಯೇ ಮುಂದುವರಿಯಿತು.

ಅವರು ನಮಗೆ ಬಿಟ್ಟುಹೋದದ್ದು

ಇಷ್ಟು ದೀರ್ಘವಾದ ಬದುಕಿನಿಂದ ಒಂದೇ ಮಾತನ್ನು ಆಯ್ದುಕೊಳ್ಳಬೇಕಾದರೆ ನಾನು ಆಯ್ದುಕೊಳ್ಳುವುದು ಇದನ್ನು. ಸವೆತವನ್ನು ಕಂಡಾಗ ರಿಕಾರ್ಡೊ ಮೊದಲು ಲೋಹವನ್ನು ದೂರಲಿಲ್ಲ. ಆ ಲೋಹದ ಮೇಲೆ ಯಾವ ಯಾವ ಭಾರಗಳು ಬಿದ್ದಿವೆ, ಅವುಗಳಲ್ಲಿ ಯಾವುದು ಅದರದಲ್ಲ ಎಂದು ಕೇಳಿದರು. ಅದರದಲ್ಲದ ಭಾರವನ್ನು ಹೊರಲು ತಕ್ಕ ಇನ್ನೊಂದು ಭಾಗವನ್ನು ಕಲ್ಪಿಸಿದರು. ಏನೂ ಹೊರದೆ ಉಜ್ಜುತ್ತಿದ್ದುದನ್ನು ಕತ್ತರಿಸಿ ತೆಗೆದರು. ಉತ್ತಮ ಉಕ್ಕು ಸಿಗದ ಕಾಲದಲ್ಲಿ ಸಾಧಾರಣ ಕಬ್ಬಿಣದಿಂದಲೇ ಅವರು ಗೆದ್ದದ್ದು ಈ ವಿವೇಕದಿಂದ.

ನಮ್ಮ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಒಬ್ಬರೇ ಎಲ್ಲ ದಿಕ್ಕಿನ ಒತ್ತಡವನ್ನು ಹೊತ್ತು ಸವೆಯುವುದನ್ನು ದಿನವೂ ನೋಡುತ್ತೇವೆ. ಸವೆದವರನ್ನು ಬದಲಿಸುವುದು ಸುಲಭ. ಹೊರೆಯನ್ನು ಹಂಚುವುದು ಕಷ್ಟ. ರಾಣಿಗಂಜಿನ ಆ ಹಿರಿಯರಿಗೆ ಸಾಲ ಮಂಜೂರಾಯಿತು. ಕಂತುಗಳನ್ನು ಅವರು ತಪ್ಪದೆ ಕಟ್ಟಿ, ಅವಧಿಗೆ ಮುನ್ನವೇ ಸಾಲವನ್ನು ತೀರಿಸಿದರು. ಕೊನೆಯ ಕಂತು ಕಟ್ಟಲು ಬಂದ ದಿನ, ಬೆರಳಿಗೆ ಮೆತ್ತಿದ ಎಣ್ಣೆಯನ್ನು ಒರೆಸಿಕೊಂಡು ರಸೀದಿಗೆ ಸಹಿ ಹಾಕಿದಾಗ, ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳುಗಳ ಒಳಬದಿ ನುಣ್ಣಗೆ ಸವೆದು ಹೊಳೆಯುತ್ತಿದ್ದುದನ್ನು ಕಂಡೆ. ರಿಕಾರ್ಡೊ ಅವರ ಹೆಸರನ್ನು ಅವರು ಕೇಳಿದ್ದರೋ ಇಲ್ಲವೋ, ನಾನು ವಿಚಾರಿಸಲಿಲ್ಲ. ಆ ವಿದ್ಯೆ ಮಾತ್ರ ಅವರ ಕೈಗಳಿಗೆ ಗೊತ್ತಿತ್ತು.